ಮಗುವಿನ ಕಾರ್ಡಿನಲ್ಲಿ ತಾಯಿ

ನನ್ನ ಚಿಕ್ಕಮ್ಮನನ್ನು ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಗೀಟಕ್ಕ ಎಂದು ಕರೆಯುತ್ತಾರೆ. ಪ್ಯಾಂಟಿನ ಮೇಲೆ ಅವಳು ಕೂರಿಸುವ ಗೆರೆ ಸ್ಕೇಲು ಹಿಡಿದು ಎಳೆದ ಗೀಟಿನ ಹಾಗಿರುತ್ತದೆ ಎಂದು ಆ ಹೆಸರು. ಆದರೆ ಅವಳು ಪ್ಯಾಂಟಿಗೆ ಇಸ್ತ್ರಿ ಹಾಕಿದ್ದು ಮೊದಲ ಎರಡು ವರ್ಷ ಮಾತ್ರ. ಆಮೇಲಿನ ಒಂಬತ್ತು ವರ್ಷ ನಿಂತದ್ದು ದೊಡ್ಡ ರೋಲರಿನ ಮುಂದೆ. ಹೋಟೆಲುಗಳಿಂದ ಬಂದ ಹಾಸಿಗೆ ಬಟ್ಟೆಗಳು ಒದ್ದೆಯಾಗಿಯೇ ಅಲ್ಲಿಗೆ ಬರುತ್ತವೆ. ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಜಗ್ಗಿ, ಸುಕ್ಕು ಬಿಡಿಸಿ, ಕಾದ ಉರುಳೆಯ ಬಾಯಿಗೆ ಕೊಡಬೇಕು. ಒಂದು ದಿನಕ್ಕೆ ನಾನೂರು ಬಟ್ಟೆ. ನಾನು ಒಮ್ಮೆ ಊಟದ ಡಬ್ಬಿ ಕೊಡಲು ಹೋದಾಗ ನಿಂತು ಎಣಿಸಿದ್ದೆ. ಒಂದು ಗಂಟೆಗೆ ಐವತ್ತೆರಡು ಆಗಿತ್ತು.

ಆ ದಿನ ಅಲ್ಲಿನ ಹೆಂಗಸರು ಅವಳನ್ನು ರೇಗಿಸುತ್ತಿದ್ದುದೂ ನೆನಪಿದೆ. ಚಿಕ್ಕಪ್ಪ ಸರಕು ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ತಿಂಗಳಿಗೊಮ್ಮೆ.

"ಗೀಟಕ್ಕ, ಗಂಡನಿಗೂ ಒಂದು ಗೀಟು ಕೂರಿಸಿದ್ದೀಯೋ ಇಲ್ವೋ?"

"ಕೈಗೆ ಸಿಕ್ಕಿದ್ರಲ್ವಾ ಕೂರಿಸೋದು. ಬಂದವನು ಮಡಿಕೆ ಬಿಚ್ಚೋದ್ರೊಳಗೆ ಮತ್ತೆ ಲಾರಿ ಹತ್ತಿರ್ತಾನೆ."

ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ನಗುವಾಗ ಎಡಗೈಯಿಂದ ಬಲಭುಜವನ್ನು ಒತ್ತಿ ಹಿಡಿದುಕೊಂಡಿದ್ದಳು.

ಬಟ್ಟೆ ಜಗ್ಗಿ ಜಗ್ಗಿ ಆ ಭುಜ ಬಿದ್ದುಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಲಾಂಡ್ರಿಯ ಮೇಸ್ತ್ರಿಯ ಮೇಜಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ನೋವಿನ ಮಾತ್ರೆಗಳು. ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗದ ಮಾತ್ರೆಗಳು ಎಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ. "ಒಂದು ನುಂಗಮ್ಮ, ಸಂಜೆವರೆಗೂ ಭುಜ ಇದೆ ಅನ್ನೋದೇ ಮರೆತುಹೋಗುತ್ತೆ" ಎಂದು ಮೇಸ್ತ್ರಿ ಕೊಡುತ್ತಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಭುಜ ಮರೆಯುತ್ತಿತ್ತು, ನಾನೂರು ಬಟ್ಟೆ ಮುಗಿಯುತ್ತಿತ್ತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಒಮ್ಮೆ ರೋಲರ್ ಕೆಟ್ಟು ಮೂರು ದಿನ ರಜೆ ಕೊಟ್ಟಾಗ ಚಿಕ್ಕಮ್ಮ ಬೆವರಿ, ನಡುಗಿ, ಹೊಟ್ಟೆ ತೊಳಸಿ ಮಲಗಿದಳು. ಜ್ವರ ಎಂದುಕೊಂಡು ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ರೋಲರ್ ರಿಪೇರಿಯಾದ ದಿನ ಜ್ವರವೂ ಇಳಿಯಿತು. ಆಗಲೂ ನಾವು ಯೋಚಿಸಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳು ಬಸುರಿಯಾದಳು. ತಿಳಿದ ದಿನವೇ, ಮಗುವಿಗೆ ಆಗದು ಎಂದು ತಾನೇ ತೀರ್ಮಾನಿಸಿ ಮಾತ್ರೆಗಳನ್ನು ಒಮ್ಮೆಗೇ ಬಿಟ್ಟುಬಿಟ್ಟಳು. ಎರಡನೆಯ ದಿನ ಬಚ್ಚಲಲ್ಲಿ ಬಿದ್ದಳು. ಅಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದೆ, ಹಾಗಾಗಿ ನಾನೂ ಹೋದೆ. ಅಲ್ಲಿಂದಾಚೆಗೆ ನಡೆದದ್ದನ್ನು ನಾನೇ ಕಂಡಿದ್ದೇನೆ.

ಅಲ್ಲಿ ನಮಗೆ ಸಿಕ್ಕವರು ಛತ್ರಿ ಸಿಸ್ಟರ್. ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಕಪ್ಪು ಛತ್ರಿ ಹಿಡಿದು ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವ ನರ್ಸ್. ಅವರು ಬಾಗಿಲು ಹಾಕಿ, ಚಿಕ್ಕಮ್ಮನ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು.

"ದಿನಕ್ಕೆ ಎಷ್ಟು ತಗೊಳ್ತಿದ್ದೆ?"

"ಎರಡು ಸಿಸ್ಟರ್."

"ನಾನು ಬಯ್ಯಲ್ಲ. ಎಷ್ಟು?"

ಚಿಕ್ಕಮ್ಮ ಅಮ್ಮನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು, "ಏಳು" ಎಂದಳು.

ಅಮ್ಮ ಬಾಯಿ ತೆರೆದಳು. ಸಿಸ್ಟರ್ ಕೈ ಎತ್ತಿ ತಡೆದರು. ಒಮ್ಮೆಗೇ ಬಿಡಬಾರದು, ಅದು ತಾಯಿಗೂ ಅಪಾಯ, ಹೊಟ್ಟೆಯ ಮಗುವಿಗೂ ಅಪಾಯ. ಅದರ ಬದಲಿಗೆ ಸರಕಾರದ ಔಷಧಿಯಿದೆ, ಡಾಕ್ಟರು ಅಳತೆ ಹಾಕಿ ಕೊಡುತ್ತಾರೆ, ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಬಂದು ಅವರೆದುರಿಗೇ ಕುಡಿಯಬೇಕು ಎಂದು ನಿಧಾನವಾಗಿ ಹೇಳಿದರು. "ಇದು ಕಾಯಿಲೆ ಕಣಮ್ಮ. ಕಳ್ಳತನ ಅಲ್ಲ. ನನ್ನ ಹತ್ರ ಮಾತ್ರ ಯಾವತ್ತೂ ಮುಚ್ಚಿಡಬೇಡ."

ಹೊರಗೆ ಬಂದ ಮೇಲೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. "ಅಕ್ಕ, ಒಬ್ಬರ ಹತ್ರ ಇದನ್ನ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು" ಎಂದಳು. ಅಮ್ಮ ಬೈಯಬೇಕೆಂದು ಕೂಡಿಟ್ಟಿದ್ದ ಮಾತನ್ನೆಲ್ಲ ನುಂಗಿಕೊಂಡು ಸೆರಗಿನಿಂದ ಅವಳ ಮುಖ ಒರೆಸಿದಳು.

ಅವಳು ಲಾಂಡ್ರಿ ಬಿಟ್ಟಳು. ಆರು ತಿಂಗಳು ದಿನಾ ಬೆಳಿಗ್ಗೆ ಎಂಟಕ್ಕೆ ನಾನೂ ಅವಳೂ ಆ ಕಿಟಕಿಗೆ ನಡೆದು ಹೋದೆವು. ಒಂದು ದಿನವೂ ತಪ್ಪಲಿಲ್ಲ. ಅವಳ ಮುಖಕ್ಕೆ ಕಳೆ ಬಂತು, ಊಟ ಸೇರಿತು. ದಾರಿಯುದ್ದಕ್ಕೂ ಎದುರಾದ ಅಂಗಡಿ ಬೋರ್ಡುಗಳನ್ನೆಲ್ಲ ನನ್ನಿಂದ ಓದಿಸುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿತ್ತು, ಆದರೆ ಒಂದೊಂದಾಗಿ ಕೂಡಿಸಬೇಕಿತ್ತು. "ನೀನು ಓದು ಪುಟ್ಟಿ, ನಾನು ಕೂಡಿಸೋದ್ರೊಳಗೆ ಅಂಗಡಿ ಬಾಗಿಲು ಹಾಕಿಬಿಡ್ತಾರೆ" ಎನ್ನುತ್ತಿದ್ದಳು.

ಎಂಟನೆಯ ತಿಂಗಳಲ್ಲಿ ಸಿಸ್ಟರ್ ಒಂದು ಅರ್ಜಿ ಕೊಟ್ಟರು. ಬಸುರಿಯ ಕಾರ್ಡ್ ಹೆರಿಗೆಯವರೆಗೆ ಮಾತ್ರ ನಡೆಯುತ್ತದೆ, ಆಮೇಲಿನ ಚಿಕಿತ್ಸೆಗೆ ಹೊಸ ಕಾರ್ಡ್ ಬೇಕು, ಅರ್ಜಿಯನ್ನು ಹೆರಿಗೆಗೆ ಮೊದಲೇ ಹಾಕಬೇಕು. ಅದರಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಮಗುವಿನ ಚಿಕಿತ್ಸೆಗೆ. ಎರಡನೆಯದು ತಾಯಿಯ ಚಿಕಿತ್ಸೆಗೆ, ಹೆರಿಗೆಯಾಗಿ ಒಂದು ವರ್ಷದವರೆಗೆ. ಬೆಂಚಿನ ಮೇಲೆ ಕೂತು ನಾನು ಮೊದಲ ಭಾಗವನ್ನು ಒಂದೂ ಅಕ್ಷರ ಹೊಡೆದುಹಾಕದೆ ತುಂಬಿದೆ. ಎರಡನೆಯ ಭಾಗಕ್ಕೆ ಹಾಳೆ ತಿರುಗಿಸಿದಾಗ ಸಿಸ್ಟರ್ ಬಗ್ಗಿ ನೋಡಿದರು.

"ಅದು ಬೇಡ, ಬಿಟ್ಟುಬಿಡು. ಎರಡನೇ ಭಾಗ ತುಂಬಿದ್ರೆ ಇಡೀ ಅರ್ಜಿ ದೊಡ್ಡಾಫೀಸಿಗೆ ಹೋಗಿ ಎರಡು ತಿಂಗಳು ಕೂತುಬಿಡುತ್ತೆ, ಮಗುವಿನದ್ದೂ ನಿಲ್ಲುತ್ತೆ. ತಾಯಿ ಔಷಧೀನ ಮಗುವಿನ ಕಾರ್ಡಲ್ಲೇ ಬರ್ಕೊಡ್ತೀವಿ. ಇಲ್ಲೆಲ್ಲ ನಾವು ಹಾಗೇ ಮಾಡೋದು."

"ಆಮೇಲೆ ತೊಂದರೆ ಆಗಲ್ವಾ ಸಿಸ್ಟರ್?" ಎಂದು ಚಿಕ್ಕಮ್ಮ ಕೇಳಿದಳು.

"ನಾನಿದ್ದೀನಲ್ಲಮ್ಮ."

ನಾನು ಆ ಪುಟವನ್ನು ಖಾಲಿ ಬಿಟ್ಟೆ. ಚಿಕ್ಕಮ್ಮ ಕೆಳಗೆ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಸಹಿ ಹಾಕಿದಳು.

ಅದೇ ಆರೋಗ್ಯ ಕೇಂದ್ರದ ವಾರ್ಡಿನಲ್ಲಿ ಹೆಣ್ಣು ಮಗು ಹುಟ್ಟಿತು. ಎರಡು ಕಿಲೋ ಮುನ್ನೂರು ಗ್ರಾಂ. ಮೊದಲ ದಿನ ಚೆನ್ನಾಗಿಯೇ ಇತ್ತು. ಎರಡನೆಯ ದಿನ ಸಂಜೆಯಿಂದ ಗದ್ದ ನಡುಗಲು ಶುರುವಾಯಿತು. ಮೂರನೆಯ ದಿನ ಮಗು ಸೀನಿದ ಮೇಲೆ ಸೀನಿತು, ಹಾಲು ಎಳೆಯಲು ಹೋಗಿ ಎಳೆಯಲಾರದೆ ಕಿರುಚಿತು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಸಿಗುತ್ತಿದ್ದ ಔಷಧಿ ಹುಟ್ಟಿದ ಮೇಲೆ ಒಮ್ಮೆಗೇ ನಿಂತಾಗ ಇದು ಆಗುವುದೇ, ಹೆದರಬೇಡಿ, ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಆ ಅಳು ಬೇರೆ ಮಕ್ಕಳ ಅಳುವಿನ ಹಾಗಿರಲಿಲ್ಲ. ತಗಡನ್ನು ಕತ್ತರಿಸಿದ ಹಾಗಿತ್ತು.

ಆ ವಾರ್ಡಿನಲ್ಲಿ ಇಂಥ ಮಕ್ಕಳಿಗೆ ಅಂಕ ಹಾಕುತ್ತಾರೆ. ನಾಲ್ಕು ಗಂಟೆಗೊಮ್ಮೆ ವಾರ್ಡಿನ ನರ್ಸ್ ಒಂದು ಹಾಳೆ ಹಿಡಿದು ಬಂದು ನಡುಕಕ್ಕೆ ಇಷ್ಟು, ಸೀನಿಗೆ ಇಷ್ಟು, ಅಳುವಿಗೆ ಇಷ್ಟು ಎಂದು ಬರೆದು ಕೂಡಿಸುತ್ತಾರೆ. ಹೆಚ್ಚಾದರೆ ಹನಿ ಔಷಧಿ. ಸತತ ಎರಡು ದಿನ ಐದಕ್ಕಿಂತ ಕಡಿಮೆ ಬಂದರೆ ಮಗು ಗುಣವಾಯಿತು ಎಂದು ಅರ್ಥ. ನಮ್ಮ ಮಗುವಿನದು ಮೂರನೆಯ ದಿನ ಹನ್ನೊಂದಿತ್ತು.

"ಎದೆಗೆ ಒತ್ತಿ ಹಿಡ್ಕೊ" ಎಂದರು ಛತ್ರಿ ಸಿಸ್ಟರ್. "ಮೈಗೆ ಮೈ ತಾಗಬೇಕು. ಬೆಳಕು ಬೇಡ, ಸದ್ದು ಬೇಡ. ಹನಿಗಿಂತ ದೊಡ್ಡ ಔಷಧಿ ಅದು."

ಚಿಕ್ಕಮ್ಮ ಹಿಡಿದಳು. ಬಿದ್ದುಹೋದ ಆ ಭುಜದ ಮೇಲೆಯೇ ಮಗುವನ್ನು ಹಾಕಿಕೊಂಡು ಗೋಡೆಗೊರಗಿ ಕೂತವಳು ಸ್ನಾನಕ್ಕೂ ಊಟಕ್ಕೂ ಮಾತ್ರ ಅದನ್ನು ಅಮ್ಮನ ಕೈಗೆ ಕೊಡುತ್ತಿದ್ದಳು. ಹನ್ನೊಂದು ಒಂಬತ್ತಾಯಿತು, ಏಳಾಯಿತು. ಎಂಟನೆಯ ದಿನ ಆರು. ಹಾಳೆಯನ್ನು ಅವಳೇ ಇಣುಕಿ ನೋಡುತ್ತಿದ್ದಳು. ಅಂಕಿ ಓದಲು ಅವಳಿಗೆ ಯಾರೂ ಬೇಕಿರಲಿಲ್ಲ.

ಪಕ್ಕದ ಮಂಚದಲ್ಲಿ ಅಂಥದೇ ಮಗುವಿನ ಇನ್ನೊಬ್ಬ ತಾಯಿಯಿದ್ದಳು. ಚಿಕ್ಕಮ್ಮನಿಗಿಂತ ಚಿಕ್ಕವಳು, ಆದರೆ ಅವಳಿಗೆ ಇದು ಎರಡನೆಯ ಮಗು, ಅದೇ ವಾರ್ಡು. ಬಾಯಿ ಸುಮ್ಮನಿರುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಬಾಳೆಹಣ್ಣು ಸುಲಿಯುತ್ತಾ ಕೇಳಿದಳು:

"ಏನಕ್ಕ, ಮಗಳು ಫಸ್ಟ್ ಕ್ಲಾಸಲ್ಲಿ ಪಾಸಾಗ್ತಿದ್ದಾಳೆ. ಸರಿ, ನಿಂದು ಎರಡನೇ ಭಾಗ ತುಂಬಿಸಿದ್ದೀಯ ತಾನೇ?"

"ಇಲ್ಲ. ಮಗುವಿನ ಕಾರ್ಡಲ್ಲೇ ನನ್ನ ಔಷಧೀನೂ ಇದೆ."

ಅವಳು ಹಣ್ಣನ್ನು ಕೆಳಗಿಟ್ಟಳು. "ಹೋದ ಸಲ ನನಗೂ ಹಂಗೇ ಹೇಳಿದ್ರು. ಮಗು ಗುಣ ಆಯ್ತು ಅಂತ ಅದರ ಕಾರ್ಡ್ ಮುಚ್ಚಿದ ದಿನ ನನ್ನ ಔಷಧೀನೂ ಮುಚ್ಚಿದ್ರು. ಆಮೇಲೆ ನಾನು ಎಲ್ಲಿಗೆ ಹೋದೆ ಅಂತ ಕೇಳಬೇಡ."

ಚಿಕ್ಕಮ್ಮ ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು.

"ಒಂದು ಕೆಲಸ ಮಾಡು" ಎಂದು ಅವಳು ದನಿ ತಗ್ಗಿಸಿದಳು. "ಅಂಕ ಹಾಕೋಕೆ ಬರೋದಕ್ಕೆ ಅರ್ಧ ಗಂಟೆ ಮುಂಚೆ ಮಗೂನ ಮೈಯಿಂದ ಬಿಡಿಸಿ ತೊಟ್ಟಿಲಲ್ಲಿ ಮಲಗಿಸು. ಲೈಟ್ ಹಾಕು. ಅಂಕ ಏರುತ್ತೆ. ಅಷ್ಟು ದಿನ ಕಾರ್ಡ್ ನಡೆಯುತ್ತೆ, ಅಷ್ಟರಲ್ಲಿ ನಿಂದೊಂದು ಹೊಸ ಅರ್ಜಿ ಓಡಿಸು."

ಸಂಜೆ ಛತ್ರಿ ಸಿಸ್ಟರ್ ಬಂದಾಗ ಚಿಕ್ಕಮ್ಮ ನೇರವಾಗಿ ಕೇಳಿದಳು. ಸಿಸ್ಟರ್ ನಕ್ಕು, ಪಕ್ಕದ ಮಂಚದ ಕಡೆ ಒಮ್ಮೆ ನೋಡಿ, "ಕಂಡೋರ ಮಾತು ಕಟ್ಕೊಂಡು ತಲೆ ಕೆಡಿಸ್ಕೋಬೇಡ. ನೀನು ಮಗು ಹಿಡ್ಕೊ, ಉಳಿದಿದ್ದು ನಾನು ನೋಡ್ಕೊಳ್ತೀನಿ" ಎಂದರು. ಚಿಕ್ಕಮ್ಮನ ತಲೆ ನೇವರಿಸಿ ಹೋದರು.

ಆದರೂ ಮಾರನೆಯ ದಿನ ಮಧ್ಯಾಹ್ನ ಅವಳು ಒಮ್ಮೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ನಾನು ಅಲ್ಲೇ ಇದ್ದೆ. ಮಗು ಸ್ವಲ್ಪ ಹೊತ್ತು ಕೈ ಆಡಿಸಿತು. ಆಮೇಲೆ ಗದ್ದ ನಡುಗಿತು, ಆ ತಗಡಿನ ಅಳು ಶುರುವಾಯಿತು. ಚಿಕ್ಕಮ್ಮ ಗೋಡೆಯ ಗಡಿಯಾರ ನೋಡುತ್ತಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ವಾರ್ಡಿನ ನರ್ಸ್ ಬಂದು, "ಅರೆ, ಬೆಳಿಗ್ಗೆ ಐದಿತ್ತಲ್ಲ" ಎನ್ನುತ್ತಾ ಒಂಬತ್ತು ಬರೆದರು. ಅವರು ಬೆನ್ನು ತಿರುಗಿಸಿದ ಕೂಡಲೇ ಚಿಕ್ಕಮ್ಮ ಮಗುವನ್ನು ಬಾಚಿ ಎತ್ತಿಕೊಂಡಳು.

"ನನ್ನ ಕೈಲಾಗಲ್ಲ ಪುಟ್ಟಿ" ಎಂದಳು. "ನನ್ನ ಔಷಧಿಗೋಸ್ಕರ ಇದನ್ನ ಅಳಿಸಿದ್ರೆ, ನನಗೆ ಔಷಧಿ ಯಾಕೆ?"

ಪಕ್ಕದ ಮಂಚದವಳು ಕೇಳಿಸಿಕೊಂಡಳು. ಹೀಯಾಳಿಸಲಿಲ್ಲ. "ನೀನು ಒಳ್ಳೆಯವಳು ಅಕ್ಕ. ಅದೇ ನಿನಗಿರೋ ತೊಂದರೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಅಂಕ ನಾಲ್ಕಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ. ಮೂರಲ್ಲೇ ನಿಂತಿತು. ಹದಿಮೂರನೆಯ ದಿನ ಡಾಕ್ಟರು ಬಂದು ಮಗುವಿನ ಕೆನ್ನೆ ಮುಟ್ಟಿ, "ಇಷ್ಟು ಬೇಗ ಗುಣವಾಗಿದ್ದು ತಾಯಿ ಹಿಡ್ಕೊಂಡಿದ್ದರಿಂದಲೇ" ಎಂದು ಎಲ್ಲರೆದುರಿಗೆ ಹೇಳಿದರು. ಚಿಕ್ಕಮ್ಮ ನಾಚಿ ತಲೆ ತಗ್ಗಿಸಿದಳು. ಅಷ್ಟೊಂದು ಸಂತೋಷ ಅವಳ ಮುಖದಲ್ಲಿ ನಾನು ಹಿಂದೆ ನೋಡಿರಲಿಲ್ಲ, ಈಚೆಗೂ ನೋಡಿಲ್ಲ.

ಮಾರನೆಯ ಬೆಳಿಗ್ಗೆ ಔಷಧಿಯ ಕಿಟಕಿಯಲ್ಲಿ ಅವಳ ನಂಬರನ್ನು ಕರೆಯಲಿಲ್ಲ. ಸಾಲು ಮುಗಿಯುವವರೆಗೆ ನಿಂತು ಕೇಳಿದೆವು. ಕಾರ್ಡ್ ಮುಚ್ಚಿದೆ, ಕೌಂಟರಿನಲ್ಲಿ ವಿಚಾರಿಸಿ ಎಂದರು.

ಕೌಂಟರಿನ ಗುಮಾಸ್ತರು ಕಡತ ತೆಗೆದು ನಾನು ತುಂಬಿದ ಅರ್ಜಿಯನ್ನು ತಿರುವಿದರು. "ಎರಡನೇ ಭಾಗ ಖಾಲಿ ಇದೆ. ಅಂದ್ರೆ ತಾಯಿಗೆ ಚಿಕಿತ್ಸೆ ಬೇಡ ಅಂತ."

"ಬೇಡ ಅಂತ ಯಾರು ಹೇಳಿದ್ರು ಸಾರ್?"

"ಯಾರು ಹೇಳಬೇಕು? ಕೆಳಗೆ ಸಹಿ ನಿಮ್ಮದೇ ಅಲ್ವಾ?"

"ಛತ್ರಿ ಸಿಸ್ಟರ್ ಬಿಡೋಕೆ ಹೇಳಿದ್ರು. ಅವರನ್ನೇ ಕರೆಸಿ ಕೇಳಿ."

ಅವರನ್ನು ಕರೆಸಿದರು. ಅವರು ಬಂದಾಗ ಚಿಕ್ಕಮ್ಮನ ಹೆಗಲು ಸಡಿಲವಾದದ್ದನ್ನು ನಾನು ನೋಡಿದೆ. ಇನ್ನು ಚಿಂತೆಯಿಲ್ಲ ಎನ್ನುವ ಹಾಗೆ ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡಳು.

ಗುಮಾಸ್ತರು ಕೇಳಿದರು: "ಸಿಸ್ಟರ್, ತಾಯಂದಿರ ಭಾಗ ಖಾಲಿ ಬಿಡಿಸಬೇಡಿ ಅಂತ ಹೋದ ವರ್ಷವೇ ಸುತ್ತೋಲೆ ಬಂದಿದೆ. ನೀವು ಬಿಡಿಸಿದ್ರಾ?"

ಸಿಸ್ಟರ್ ಅರ್ಜಿಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಇದು ನನ್ನ ಬರಹ ಅಲ್ಲ ಸಾರ್. ಮನೆಯವರೇ ತುಂಬಿದ್ದಾರೆ. ಎರಡೂ ಭಾಗ ತುಂಬಿ ಅಂತಲೇ ನಾನು ಎಲ್ಲರಿಗೂ ಹೇಳೋದು."

ಚಿಕ್ಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ಅಲ್ಲ ಸಿಸ್ಟರ್, ಅವತ್ತು ಬೆಂಚಿನ ಮೇಲೆ ಕೂತಾಗ... ಎರಡು ತಿಂಗಳು ಕೂತುಬಿಡುತ್ತೆ ಅಂದ್ರಲ್ಲ."

"ನೆನಪು ತಪ್ಪಿರಬೇಕಮ್ಮ ನಿನಗೆ. ಆಗ ನಿನ್ನ ಸ್ಥಿತಿ ಹಾಗಿತ್ತು."

ಆ ಮಾತಿಗೆ ಸಾಲಿನಲ್ಲಿದ್ದವರೆಲ್ಲ ಚಿಕ್ಕಮ್ಮನನ್ನು ನೋಡಿದರು. ಅವಳ ಸ್ಥಿತಿ ಏನೆಂದು ಅವರಿಗೆ ಆವರೆಗೆ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಪುಟ್ಟಿ, ನೀನೇ ಬರೆದೆಯಲ್ಲ. ನೀನು ಕೇಳಿಸ್ಕೊಂಡೆ. ಹೇಳು."

ನನಗೆ ಎಲ್ಲವೂ ನೆನಪಿತ್ತು. ಸಿಸ್ಟರ್ ಯಾವ ಕೈಯಲ್ಲಿ ಛತ್ರಿ ಹಿಡಿದಿದ್ದರು, ಯಾವ ಕೈಯಿಂದ ಹಾಳೆ ತೋರಿಸಿದರು ಎನ್ನುವುದೂ ನೆನಪಿತ್ತು. ಆದರೆ ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಸಿಸ್ಟರೂ ನೋಡಿದರು, ಸಾಲಿನವರೂ ನೋಡಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಗುಮಾಸ್ತರು ಸ್ವಲ್ಪ ಕಾದರು. ಆಮೇಲೆ ಹೊಸ ಅರ್ಜಿಯೊಂದನ್ನು ನಮ್ಮ ಕಡೆಗೆ ಸರಿಸಿ, "ಹೆರಿಗೆ ಆದ್ಮೇಲಿನ ಅರ್ಜಿ, ಮೇಲಿನವರ ಒಪ್ಪಿಗೆ ಬೇಕು. ಮೂರು ತಿಂಗಳು ಆಗಬಹುದು" ಎಂದು ಮುಂದಿನವರನ್ನು ಕರೆದರು.

ಆ ಅರ್ಜಿಯನ್ನು ಚಿಕ್ಕಮ್ಮ ನನ್ನ ಕೈಗೆ ಕೊಡಲಿಲ್ಲ. ಪಕ್ಕದ ಮಂಚದವಳ ಹತ್ತಿರ ಬರೆಸಿ ಹಾಕಿದಳು. ವಾರ್ಡಿನ ಡಾಕ್ಟರು ಮರುಕಪಟ್ಟು ಮೂರು ದಿನದ ಔಷಧಿ ಕೊಟ್ಟು, ಅದಕ್ಕಿಂತ ಹೆಚ್ಚು ತಮ್ಮ ಕೈಯಲ್ಲಿಲ್ಲ ಎಂದರು. ಮನೆಗೆ ಬಂದೆವು.

ನಾಲ್ಕನೆಯ ದಿನದಿಂದ ಚಿಕ್ಕಮ್ಮ ಬೆವರತೊಡಗಿದಳು. ಕಾಲಿನ ಮೂಳೆಯೊಳಗೆ ಇರುವೆ ಹರಿದ ಹಾಗಾಗುತ್ತದೆ ಎಂದಳು. ಚಿಕ್ಕಪ್ಪ ಫೋನಿನಲ್ಲಿ, "ಇನ್ನೊಂದು ನಾಲ್ಕು ದಿನ ತಡ್ಕೊ, ಬಂದುಬಿಡ್ತೀನಿ" ಎಂದ. ಅವಳು ತಡೆದುಕೊಂಡಳು. ಮಗುವನ್ನು ಎತ್ತಿಕೊಂಡರೆ ಕೈ ನಡುಗಿ ಬೀಳಿಸಿಯೇನು ಎಂದು ಅಮ್ಮನ ಹತ್ತಿರ ಮಲಗಿಸಿ ದೂರದಿಂದ ನೋಡುತ್ತಾ ಕೂತಳು. ಆರನೆಯ ದಿನ ಮಧ್ಯಾಹ್ನ ಹೊರಗೆ ಹೋಗಿ ಒಂದು ಗಂಟೆ ಬಿಟ್ಟು ಬಂದಳು. ಕೈಯಲ್ಲಿ ಮಗುವಿಗೆ ಹಾಲಿನ ಪುಡಿಯ ಡಬ್ಬಿಯಿತ್ತು. ಮುಖದ ಬೆವರು ಆರಿತ್ತು.

"ಇನ್ನು ಮೇಲೆ ಇದಕ್ಕೆ ಪುಡಿಹಾಲು ಕೊಡು ಅಕ್ಕ. ನನ್ನ ಹಾಲು ಬೇಡ" ಎಂದಳು.

ಅಮ್ಮನಿಗೆ ಅರ್ಥವಾಯಿತು. "ಆ ಮೇಸ್ತ್ರಿ ಹತ್ರ ಹೋಗಿದ್ಯಾ? ಇಷ್ಟೆಲ್ಲ ಮಾಡಿ ಮತ್ತೆ ಅಲ್ಲಿಗೇ ಹೋದ್ಯಾ?"

"ಇನ್ನೆಲ್ಲಿಗೆ ಹೋಗಲಿ ಹೇಳು. ಅವನು ಎರಡನೇ ಭಾಗ ಕೇಳಲಿಲ್ಲ."

ಅಮ್ಮ ಹಾಲಿನ ಡಬ್ಬಿಯ ಮುಚ್ಚಳ ತೆಗೆದು, ಎಷ್ಟು ಚಮಚ ಹಾಕಬೇಕೆಂದು ನನ್ನನ್ನು ಕೇಳಿದಳು. ನಾನು ಓದಿ ಹೇಳಿದೆ. ಚಿಕ್ಕಮ್ಮ ಆ ಕಡೆ ನೋಡಲಿಲ್ಲ.

ಮುಂದಿನ ಸೋಮವಾರದಿಂದ ಅವಳು ಮತ್ತೆ ರೋಲರಿಗೆ ಹೋದಳು. ಮೇಸ್ತ್ರಿ ಮಾತ್ರೆಯನ್ನು ಕೆಲಸಕ್ಕೆ ಬಂದವರಿಗೆ ಮಾತ್ರ ಕೊಡುತ್ತಾನೆ.

ಮಗುವಿಗೆ ಒಂದೂವರೆ ತಿಂಗಳಾದಾಗ, ಒಂದು ಭಾನುವಾರ, ಛತ್ರಿ ಸಿಸ್ಟರ್ ತೂಕ ನೋಡಲು ಮನೆಗೆ ಬಂದರು. ಅಮ್ಮ ಒಳಗಿನಿಂದ ಹೊರಗೆ ಬರಲಿಲ್ಲ. ಜಗಳವಾಗಬಹುದು ಎಂದು ನಾನು ಹೆದರಿದ್ದೆ. ಆದರೆ ಚಿಕ್ಕಮ್ಮ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದಳು. ಮೂರು ಕಿಲೋ ನಾನೂರು.

"ಬಂಗಾರದಂಗೆ ಬೆಳೀತಿದ್ದಾಳೆ" ಎಂದು ಸಿಸ್ಟರ್ ಬರೆದುಕೊಂಡರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವುತ್ತಾ ಕೂತರು. "ಅವತ್ತು... ನನಗೆ ಇನ್ನು ಎರಡು ವರ್ಷ ಸರ್ವೀಸ್ ಇದೆ ಕಣಮ್ಮ" ಎಂದರು.

ಚಿಕ್ಕಮ್ಮ ಮಗುವಿಗೆ ಅಂಗಿ ತೊಡಿಸುತ್ತಿದ್ದಳು. ಗುಂಡಿ ಹಾಕಿ ಮುಗಿಸಿದಳು.

"ನೀನು ಹೇಗಿದ್ದೀಯ? ಮತ್ತೇನೂ ತಗೊಂಡಿಲ್ಲ ತಾನೇ? ನನ್ನ ಹತ್ರ ಮುಚ್ಚಿಡಬೇಡ."

"ಇಲ್ಲ ಸಿಸ್ಟರ್."

ಸಿಸ್ಟರ್ ಅವಳ ಮುಖವನ್ನೇ ನೋಡಿದರು. ಚಿಕ್ಕಮ್ಮನೂ ಕಣ್ಣು ತಪ್ಪಿಸದೆ ಅವರನ್ನೇ ನೋಡಿದಳು. ಸಿಸ್ಟರೇ ಮೊದಲು ಹಾಳೆಗೆ ಕಣ್ಣಿಳಿಸಿದರು. ಏನೋ ಬರೆದು, ಸಹಿಗಾಗಿ ಮುಂದೆ ಹಿಡಿದರು.

"ಎಲ್ಲಾ ಕಾಲಂ ಓದಿ ಹೇಳಿ" ಎಂದಳು ಚಿಕ್ಕಮ್ಮ. "ಖಾಲಿ ಬಿಟ್ಟಿರೋದೇನಾದ್ರೂ ಇದ್ರೆ ಅದನ್ನೂ ಹೇಳಿ."

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನನ್ನನ್ನು ಕರೆಯಲಿಲ್ಲ. ಸಿಸ್ಟರ್ ಮೇಲಿನಿಂದ ಕೆಳಗಿನವರೆಗೆ ಓದಿದರು. ಮಗುವಿನ ತೂಕ, ಮಗುವಿನ ನಿದ್ದೆ, ಮಗುವಿನ ಆಹಾರ. ಕೊನೆಯ ಸಾಲು, ತಾಯಿಯ ಆರೋಗ್ಯ.

"ಏನು ಬರೆದಿದ್ದೀರ?"

"ಚೆನ್ನಾಗಿದೆ ಅಂತ."

"ಸರಿ" ಎಂದು ಚಿಕ್ಕಮ್ಮ ಪೆನ್ನು ತೆಗೆದುಕೊಂಡು ಅದರ ಕೆಳಗೆ ಸಹಿ ಹಾಕಿದಳು.